ಮೇಷ್ಟ್ರೊಬ್ಬರ ಯುದ್ಧದ ದಿನಚರಿ

ಸ್ವಾತಂತ್ರ್ಯ ಹೋರಾಟ ಗೆದ್ದ ಮೇಲೆ ಬರೆದ ಆತ್ಮಕಥೆಗಳಿಗಿಂತ, ಗೆಲ್ಲುವವರು ಯಾರೆಂದು ಇನ್ನೂ ತಿಳಿಯದ ಹೊತ್ತಿನಲ್ಲಿ ಬರೆದಿಟ್ಟ ದಿನಚರಿಗಳ ಮೇಲೆ ನನಗೆ ನಂಬಿಕೆ ಹೆಚ್ಚು. ಅಲ್ಜೀರಿಯಾದ ಮುಲೂದ್ ಫೆರಾವುನ್ ಅವರ ದಿನಚರಿ ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದೆ. ಕಬೀಲಿಯಾದ ಬೆಟ್ಟಸೀಮೆಯ ಬಡ ಮನೆಯಲ್ಲಿ 1913ರಲ್ಲಿ ಹುಟ್ಟಿದ ಅವರು ಫ್ರೆಂಚರ ಶಾಲೆಯಲ್ಲಿ ಓದಿ ಮೇಷ್ಟ್ರಾದವರು, ಫ್ರೆಂಚಿನಲ್ಲೇ ಕಾದಂಬರಿ ಬರೆದವರು. 1954ರ ನವೆಂಬರ್ 1ರಂದು ಫ್ರೆಂಚರ ಆಳ್ವಿಕೆಯ ವಿರುದ್ಧ ದಂಗೆ ಶುರುವಾಯಿತು. ಸರಿಯಾಗಿ ಒಂದು ವರ್ಷಕ್ಕೆ ಅವರು ದಿನಚರಿ ಹಿಡಿದರು.

ಕಾಳಗದ ವರ್ಣನೆ ಹುಡುಕುವವರಿಗೆ ಇಲ್ಲಿ ನಿರಾಸೆಯಾದೀತು, ಏಕೆಂದರೆ ಯುದ್ಧ ಇಲ್ಲಿ ಮೊದಲು ಮುಟ್ಟುವುದು ಊರಿನವರ ದಿನನಿತ್ಯದ ಅಭ್ಯಾಸಗಳನ್ನು. ದಂಗೆ ನಡೆಸುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗದವರು ತಂಬಾಕು, ಮದ್ಯಗಳನ್ನು ನಿಷೇಧಿಸಿದ್ದರು. ತಂಬಾಕಿನ ತೆರಿಗೆ ವಸಾಹತು ಸರ್ಕಾರದ ಬೊಕ್ಕಸ ಸೇರುತ್ತದೆ ಎಂಬ ಲೆಕ್ಕಾಚಾರ ಅದರಲ್ಲಿತ್ತು, ಧಾರ್ಮಿಕ ಶಿಸ್ತಿನ ಬಿಗಿಯೂ ಇತ್ತು. ಮಾತು ಮೀರಿ ಸೇದಿದವರ ಮೂಗು, ತುಟಿ ಕೊಯ್ದದ್ದೂ ಉಂಟು. ಹೀಗಾಗಿ, ನಿನ್ನೆಯವರೆಗೆ ಬರಿಯ ಚಟವಾಗಿದ್ದ ಸಿಗರೇಟು ಇಂದು ಅದನ್ನು ಹಿಡಿದವನು ಯಾವ ಕಡೆಯವನೆಂದು ಸಾರಿ ಹೇಳತೊಡಗಿತು. ಶಾಲೆಯ ಪಾಡೂ ಇದೇ: ಮಕ್ಕಳನ್ನು ಕಳಿಸಬೇಡಿ ಎಂದು ಬಂಡಾಯಗಾರರು, ಕಳಿಸಲೇಬೇಕು ಎಂದು ಸೈನಿಕರು. ನಡುವೆ ಸಿಕ್ಕ ಹೆತ್ತವರು ಯಾರ ಮಾತು ಕೇಳಿದರೂ ಇನ್ನೊಬ್ಬರ ಕಣ್ಣಿಗೆ ದ್ರೋಹಿಗಳೇ. ಸ್ವತಃ ಶಾಲೆಯ ಮುಖ್ಯಸ್ಥರಾಗಿದ್ದ ಫೆರಾವುನ್ ಇದನ್ನು ದೂರದಿಂದ ನೋಡಿ ಬರೆದವರಲ್ಲ.

ಸೈನಿಕರು ಹಳ್ಳಿಗಳಿಗೆ ನುಗ್ಗಿ ಹೆಂಗಸರ ಮೇಲೆ ಎಸಗಿದ ಅತ್ಯಾಚಾರವನ್ನು ಬರೆದ ಕೈಯೇ, ಬರೀ ಗುಮಾನಿಯ ಮೇಲೆ ಬಂಡಾಯಗಾರರು ಮುಗಿಸಿದ ತನ್ನವರ ಕೊಲೆಗಳನ್ನೂ ಬರೆದಿದೆ. ಇದನ್ನು ಓದಿ ಅವರನ್ನು ಎರಡು ದೋಣಿಯಲ್ಲಿ ಕಾಲಿಟ್ಟವರೆಂದು ಜರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಸಾಹತು ಆಡಳಿತ ಅನ್ಯಾಯದ್ದು, ಅದು ಹೋಗಲೇಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆ ನಿಲುವಿಗಾಗಿ ತಮ್ಮವರ ಕ್ರೌರ್ಯವನ್ನು ಮುಚ್ಚಿಡಲು ಅವರು ಸಿದ್ಧರಿರಲಿಲ್ಲ, ಅಷ್ಟೇ. ಎರಡೂ ಕಡೆಯವರ ಬಂದೂಕು ಮನೆಯ ಆಸುಪಾಸಿನಲ್ಲೇ ಇರುವಾಗ ಹಾಗೆ ಬರೆಯುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು, ಜಗಲಿಯಲ್ಲಿ ಕೂತು ತೀರ್ಪು ಕೊಡುವ ನಾವು ಮರೆಯುತ್ತೇವೆ.

1957ರಲ್ಲಿ ಅವರು ಅಲ್ಜೀರ್ಸ್ ನಗರಕ್ಕೆ ಬಂದರು. 1962ರ ಹೊತ್ತಿಗೆ, ಫ್ರೆಂಚರು ಅಲ್ಜೀರಿಯಾ ಬಿಡಬಾರದೆಂದು ಹಟ ಹಿಡಿದ ಒಎಎಸ್ ಎಂಬ ರಹಸ್ಯ ಸಂಘಟನೆ ಅಲ್ಲಿ ಹಾಡಹಗಲೇ ಕೊಲ್ಲುತ್ತಿತ್ತು. ಮಾರ್ಚ್ 14ರ ಕೊನೆಯ ಬರಹದಲ್ಲೂ ಫೆರಾವುನ್ ಹೇಳುವುದು ಮನೆವಾರ್ತೆಯನ್ನೇ: ಹೊರಗೆ ಓಡಾಡುವುದನ್ನು ಕಡಿಮೆ ಮಾಡಿದ್ದೇವೆ, ಸಾಮಾನು ಒಟ್ಟಿಗೇ ತಂದಿಡುತ್ತೇವೆ, ಸ್ನೇಹಿತರ ಮನೆಗೆ ಹೋಗುವುದನ್ನು ಬಿಟ್ಟಿದ್ದೇವೆ, ಸಾಯುವ ಆಸೆ ತನಗಿಲ್ಲ, ಮಕ್ಕಳು ಸಾಯುವುದಂತೂ ಬೇಡವೇ ಬೇಡ. ಮರುದಿನ ಅದೇ ನಗರದ ಎಲ್ ಬಿಯಾರ್ ಬಡಾವಣೆಯಲ್ಲಿ ಸಭೆ ಸೇರಿದ್ದ ಶಿಕ್ಷಣ ಕೇಂದ್ರಗಳ ಅಧಿಕಾರಿಗಳಲ್ಲಿ ಆರು ಜನರನ್ನು ಒಎಎಸ್‌ನವರು ಹೆಸರು ಕೂಗಿ ಹೊರಗೆ ಕರೆದು, ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಅವರಲ್ಲಿ ಫೆರಾವುನ್ ಒಬ್ಬರು; ಸತ್ತವರಲ್ಲಿ ಮೂವರು ಫ್ರೆಂಚರೇ. ಯುದ್ಧ ನಿಲ್ಲಿಸಲು ಫ್ರಾನ್ಸ್ ಮತ್ತು ವಿಮೋಚನಾ ರಂಗ ಮಾಡಿಕೊಂಡ ಎವಿಯಾನ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾರ್ಚ್ 18ರಂದು. ದಿನಚರಿ ಅದೇ ವರ್ಷ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು.