ಸತ್ಯಾಂಶ: ‘ನೈಸ್’ ಅನ್ನೋದು ಬೈಗುಳವಲ್ಲ

‘ನೈಸ್ ಅಂದರೆ ನಿಜವಾಗಿ ದಡ್ಡ ಅಂತ ಅರ್ಥ, ಯಾರಿಗೂ ಹಾಗೆ ಹೇಳಬೇಡಿ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಲ್ಯಾಟಿನ್‌ನ ‘ನೆಸ್ಕಿಯಸ್’ ಎಂದರೆ ತಿಳಿವಳಿಕೆ ಇಲ್ಲದವನು. ಅದು ಹಳೆಯ ಫ್ರೆಂಚ್ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ದಡ್ಡ ಎಂಬ ಅರ್ಥವೇ ಇತ್ತು. ಆದರೆ ಪದ ಅಲ್ಲೇ ನಿಲ್ಲಲಿಲ್ಲ. ಮುಂದೆ ಅದಕ್ಕೆ ‘ಅತಿ ನಾಜೂಕಿನ’, ‘ಸೂಕ್ಷ್ಮವಾದ’ ಎಂಬ ಅರ್ಥಗಳು ಬಂದವು. 18ನೇ ಶತಮಾನದಲ್ಲಿ ‘ಹಿತವಾದ’ ಎಂಬ ಅರ್ಥ ಗಟ್ಟಿಯಾಯಿತು. ಸೂಕ್ಷ್ಮ ಎಂಬ ಅರ್ಥ ಇನ್ನೂ ಪೂರ್ತಿ ಹೋಗಿಲ್ಲ: ‘ಎ ನೈಸ್ ಡಿಸ್ಟಿಂಕ್ಷನ್’ ಎಂದರೆ ನವಿರಾದ ವ್ಯತ್ಯಾಸ. ‘ನೈಸೆಟಿ’ ಎಂಬ ಪದದಲ್ಲೂ ಅದೇ ಉಳಿದಿದೆ.

ಪದದ ಅರ್ಥವನ್ನು ತೀರ್ಮಾನಿಸುವುದು ಇಂದಿನ ಬಳಕೆ, ಏಳುನೂರು ವರ್ಷದ ಹಿಂದಿನದ್ದಲ್ಲ. ‘ಸಿಲ್ಲಿ’ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಹಿಂದೆ ಅದಕ್ಕೆ ಸುಖಿ, ಧನ್ಯ ಎಂಬ ಅರ್ಥವಿತ್ತು. ಹಾಗಂತ ಈಗ ಯಾರನ್ನಾದರೂ ಹೊಗಳಲು ಸಿಲ್ಲಿ ಅಂತೀವಾ? ಇಲ್ಲ ಅಲ್ವಾ?

ನಿಜವಾಗಿ ಗಮನ ಕೊಡಬೇಕಾದ್ದು ರೂಪಗಳಿಗೆ. ಹೋಲಿಸುವಾಗ ನೈಸರ್, ನೈಸೆಸ್ಟ್. ಕೆಲಸ ಹೇಗೆ ನಡೆಯಿತು ಎನ್ನಲು ‘ನೈಸ್ಲಿ’: ‘ಶಿ ಸಿಂಗ್ಸ್ ನೈಸ್ಲಿ’. ಆದರೆ ಪರಿಮಳ ಚೆನ್ನಾಗಿದೆ ಎನ್ನಲು ‘ಇಟ್ ಸ್ಮೆಲ್ಸ್ ನೈಸ್’ ಎನ್ನುವುದೇ ಸರಿ. ‘ನೈಸ್ ಅಂಡ್ ವಾರ್ಮ್’ ಎಂದರೆ ಹಿತವಾಗಿ ಬೆಚ್ಚಗಿದೆ ಎಂದು. ಮೆಚ್ಚಿದವರಿಗೆ ಧೈರ್ಯವಾಗಿ ನೈಸ್ ಎನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.