ಹದಗೆಟ್ಟಾಗ ಮಾತ್ರ ನೆನಪಾಗುವ ಹದ

ಕನ್ನಡ ಪತ್ರಿಕೆಗಳಲ್ಲಿ ‘ಹದ’ ದಿನವೂ ಕಾಣಿಸುತ್ತದೆ, ಆದರೆ ಕೆಟ್ಟಾಗ ಮಾತ್ರ. ರಸ್ತೆ ಹದಗೆಡುತ್ತದೆ, ಕಾನೂನು ಸುವ್ಯವಸ್ಥೆ ಹದಗೆಡುತ್ತದೆ, ಹಿರಿಯ ರಾಜಕಾರಣಿಯ ಆರೋಗ್ಯ ಹದಗೆಡುತ್ತದೆ. ಅದೇ ಒಂದು ವಸ್ತುವನ್ನು ಹದಕ್ಕೆ ತಂದರೆ ಮಾತ್ರ ಅದು ‘ಸಂಸ್ಕರಣೆ’ಯಾಗಿಬಿಡುತ್ತದೆ. ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬಿದರೂ ಸಂಸ್ಕರಣೆ, ಊರಿನ ಕಸ ಗೊಬ್ಬರವಾದರೂ ಸಂಸ್ಕರಣೆ, ಕೊಳಚೆ ನೀರು ತಿಳಿಯಾದರೂ ಸಂಸ್ಕರಣೆ, ಕಂಪ್ಯೂಟರಿನೊಳಗೆ ಅಂಕಿಅಂಶ ಹೊರಳಿದರೂ ಸಂಸ್ಕರಣೆ. ಊರಲ್ಲಿರುವವರಿಗೆ ಅಭ್ಯಾಸವಾಗಿರಬಹುದು. ಗಡಿಯಾಚೆ ಕುಳಿತು ಓದುವ ನನ್ನ ಕಣ್ಣಿಗೆ ರಾಚುತ್ತದೆ.

ನಾನು ನೆಲೆಸಿರುವುದು ಚೆನ್ನೈಯಲ್ಲಿ. ಶೂ ತಯಾರಕರಿಗೆ ಚರ್ಮ ಆರಿಸಿ ಕೊಡುವುದು ನನ್ನ ಕೆಲಸವಾದ್ದರಿಂದ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ದಾರಿ ಸವೆಸುತ್ತಲೇ ಇರುತ್ತೇನೆ. ಅಲ್ಲಿನ ಕಾರ್ಖಾನೆಗಳ ಫಲಕದಲ್ಲಿ ‘ತೋಲ್ ಪದನಿಡುಂ’ ಎಂದು ಬರೆದಿರುತ್ತದೆ. ತೋಲ್ ಎಂದರೆ ನಮ್ಮ ತೊಗಲು; ಪದಂ ಎಂದರೆ ನಮ್ಮ ಹದವೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪದ ನಮ್ಮಲ್ಲಿ ಹದವಾಯಿತು, ಅಷ್ಟೆ. ಆಹಾರ ಸಂಸ್ಕರಣೆಗೂ ಅವರ ಸರಕಾರ ‘ಉಣವು ಪದಪ್ಪಡುತ್ತುದಲ್’ ಎನ್ನುತ್ತದೆ. ಮನೆಯ ಒಲೆಯ ಮುಂದಿನ ಮಾತೂ ಅದೇ: ‘ಒರು ಪಾನೈ ಸೋಱ್ಱುಕ್ಕು ಒರು ಸೋಱು ಪದಂ’, ಅಂದರೆ ಒಂದು ಮಡಕೆ ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಅಡುಗೆಮನೆ, ಕಾರ್ಖಾನೆ, ಸಚಿವಾಲಯ ಮೂರೂ ಕಡೆ ಒಂದೇ ಬೇರಿನ ಮಾತು. ಹಾಗೆಂದು ತಮಿಳರನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಕೊಳಚೆ ನೀರಿನ ವಿಷಯಕ್ಕೆ ಬಂದರೆ ಅವರೂ ಶುದ್ಧಿಯ ಮಾತನ್ನು ಸಂಸ್ಕೃತದಿಂದಲೇ ಎರವಲು ತರುತ್ತಾರೆ.

ಈ ಪಟ್ಟಣಗಳಲ್ಲಿ ಉರ್ದು ಮಾತನಾಡುವವರೂ ಬಹಳ. ಆ ಭಾಷೆಯಲ್ಲಿ ಚರ್ಮ ಹದ ಮಾಡುವುದಕ್ಕೆ ‘ಕಮಾನಾ’ ಎನ್ನುತ್ತಾರೆ. ದುಡ್ಡು ಸಂಪಾದಿಸುವುದಕ್ಕೂ ಅದೇ ಕ್ರಿಯಾಪದ. ಬೆವರು ಸುರಿಸಿ ದಕ್ಕಿಸಿಕೊಂಡದ್ದು ಎಂಬ ಅರ್ಥ ಎರಡರಲ್ಲೂ ಇದೆ.

ಹದ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಕಾರ್ಖಾನೆಯೊಳಗೇ ಹೋಗಬೇಕು. ಉಪ್ಪು ಹಚ್ಚಿದ ಹಸಿ ತೊಗಲು ಮೊದಲು ನೀರಿನಲ್ಲಿ ನೆನೆಯುತ್ತದೆ. ಆಮೇಲೆ ಸುಣ್ಣ, ಅದರಲ್ಲಿ ಕೂದಲು ಸಡಿಲವಾಗುತ್ತದೆ, ತೊಗಲು ಉಬ್ಬುತ್ತದೆ. ಕೂದಲು, ಮಾಂಸದ ಚೂರು ತೆಗೆದ ಮೇಲೆ ಆ ಸುಣ್ಣವನ್ನೂ ಬಿಡಿಸಬೇಕು. ಸುಣ್ಣ ಪೂರ್ತಿ ಹೋಗಿದೆಯೇ? ಕೆಲಸಗಾರ ಕತ್ತಿನ ಭಾಗದ ದಪ್ಪ ಅಂಚಿನಲ್ಲಿ ಚಾಕು ಹಾಕಿ, ಕೊಯ್ದ ಜಾಗಕ್ಕೆ ಫಿನಾಲ್ಫ್ಥಲೀನ್ ಹನಿ ಬಿಡುತ್ತಾನೆ. ಒಳಗೆ ಸುಣ್ಣ ಉಳಿದಿದ್ದರೆ ನಡುವೆ ಗುಲಾಬಿ ಗೆರೆ ಮೂಡುತ್ತದೆ. ಕ್ರೋಮಿಯಂ ಲವಣದ ಪೀಪಾಯಿಯಲ್ಲಿ ತಿರುಗಿದ ಮೇಲೂ ಹೀಗೇ ಅಂಚು ಕೊಯ್ದು ನೋಡುತ್ತಾರೆ. ಆಗ ಕೊಯ್ದ ಅಂಚು ಈ ಮೇಲ್ಮೈಯಿಂದ ಆ ಮೇಲ್ಮೈವರೆಗೆ ಒಂದೇ ನೀಲಿಯಾಗಿರಬೇಕು. ಕೊನೆಗೆ ಒಂದು ತುಂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಮುದುಡಿಕೊಂಡರೆ ಹದ ಬಂದಿಲ್ಲ, ಮತ್ತೆ ಪೀಪಾಯಿಗೆ. ಹಿಂದೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳ ಕಷಾಯದ ಗುಂಡಿಗಳಲ್ಲಿ ವಾರಗಟ್ಟಲೆ ನೆನೆಸುತ್ತಿದ್ದ ಕಾಲದಲ್ಲೂ ಅಂಚು ಕೊಯ್ದೇ ನೋಡುತ್ತಿದ್ದರು. ಕಷಾಯ ಒಳಗಿನವರೆಗೆ ಇಳಿಯದಿದ್ದರೆ ನಡುವೆ ಹಸಿ ಎಳೆಯೊಂದು ಬಿಳಚಿಕೊಂಡು ಕಾಣುತ್ತದೆ.

ಹದ ಎನ್ನುವ ಮಾತಿನಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದೂ ಅಡಗಿದೆ, ಯಾತಕ್ಕೆ ಎಂಬುದೂ ಅಡಗಿದೆ. ಬಿತ್ತನೆಗೆ ಹದವಾದ ಮಣ್ಣು ಮಡಕೆಗೆ ಹದವಲ್ಲ. ಆಲೆಮನೆಯಲ್ಲಿ ಅಚ್ಚುಬೆಲ್ಲಕ್ಕೆ ಬಂದ ಪಾಕ ಜೋನಿಬೆಲ್ಲದ ಹದವನ್ನು ದಾಟಿಹೋಗಿರುತ್ತದೆ. ‘ಸಂಸ್ಕರಿಸಲಾಗಿದೆ’ ಎಂಬ ವಾಕ್ಯ ಹೇಳುವುದು ಏನೋ ಮಾಡಲಾಗಿದೆ ಎಂದಷ್ಟೇ. ಎಷ್ಟು, ಯಾತಕ್ಕೆ, ಯಾರು ನೋಡಿ ಸರಿಯೆಂದರು, ಯಾವುದಕ್ಕೂ ಅದು ಬಾಯಿಬಿಡುವುದಿಲ್ಲ. ಕಚೇರಿಗಳಿಗೆ ಅದು ಅಷ್ಟು ಹಿಡಿಸಿರುವುದು ಅದಕ್ಕೇ ಇರಬೇಕು.

ನನಗೆ ಇನ್ನೊಂದು ಸಿಟ್ಟೂ ಇದೆ. 12ನೆಯ ಶತಮಾನದ ಶರಣ ಡೋಹರ ಕಕ್ಕಯ್ಯನ ಹೆಸರಿನ ಮುಂದಿರುವುದು ತೊಗಲು ಹದ ಮಾಡುವ ಕುಲದ ಹೆಸರು. ಸುಣ್ಣದ ಗುಂಡಿಯಲ್ಲಿ ಕೈ ಅದ್ದಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರನ್ನು ಸಂಸ್ಕಾರವಿಲ್ಲದವರೆಂದು ಊರ ಹೊರಗಿಟ್ಟೆವು. ಕೆಲಸ ಕೈಗಾರಿಕೆಯಾಗಿ, ಅದಕ್ಕೆ ಬಂಡವಾಳ, ರಫ್ತು ಎಲ್ಲ ಬಂದ ಮೇಲೆ ಅದು ‘ಚರ್ಮ ಸಂಸ್ಕರಣೆ’ಯಾಯಿತು. ಅವರ ಬಾಯಲ್ಲಿದ್ದ ಮಾತು ವರದಿಗಳಿಗೆ ಬೇಡವಾಯಿತು. ಪಠ್ಯಪುಸ್ತಕಗಳಲ್ಲಿ ‘ಚರ್ಮ ಹದ ಮಾಡುವುದು’ ಅಲ್ಲಲ್ಲಿ ಉಳಿದಿದೆ ಎಂಬುದೇ ಸಮಾಧಾನ.

ಮಾತು ಸರಿಯಾಗಿದ್ದರೆ ಕೆಲಸವೂ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹದದ ಮಾತನ್ನು ಫಲಕದಲ್ಲೇ ಬರೆಸಿಕೊಂಡ ಈ ಕಾರ್ಖಾನೆಗಳೇ ಪಾಲಾರ್ ನದಿಗೆ ತಮ್ಮ ಕೊಳೆ ನೀರು ಬಿಟ್ಟು, ಸುತ್ತಲಿನ ಬಾವಿ, ಹೊಲಗಳನ್ನು ಕೆಡಿಸಿದವು. ವೆಲ್ಲೂರಿನ ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1996ರಲ್ಲಿ ಬಂದ ತೀರ್ಪು, ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕು ಎಂಬ ತತ್ವ ಈ ನೆಲದ ಕಾನೂನಿನ ಭಾಗವೆಂದು ಸಾರಿತು. ಆ ಸೀಮೆಯ ಚರ್ಮದ ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡವನ್ನೂ ಹಾಕಿತು. ತೊಗಲಿನ ಹದವನ್ನು ಅಂಚು ಕೊಯ್ದು ನೋಡುತ್ತಿದ್ದವರು, ಹೊರಗೆ ಬಿಡುವ ನೀರಿನ ಹದ ನೋಡಿರಲಿಲ್ಲ.

ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯನ್ನು ದಾಟಿ, ಆಂಧ್ರವನ್ನು ಹಾದು ಅದು ವಾಣಿಯಂಬಾಡಿ, ಆಂಬೂರುಗಳಿಗೆ ಬರುತ್ತದೆ. ಅದೇ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಹರಿಯುತ್ತಿದೆ. ಸರಕಾರಿ ಕಡತಗಳಲ್ಲೂ ಪತ್ರಿಕೆಗಳಲ್ಲೂ ಅದರ ಹೆಸರು ‘ಸಂಸ್ಕರಿಸಿದ ನೀರು’. ಸಂಸ್ಕರಣೆ ನಡೆದಿರುವುದು ಎರಡನೆಯ ಹಂತದವರೆಗೆ. ಆ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ, ನೀರು ತಿಳಿಯಾಗುತ್ತದೆ. ಸಾರಜನಕ, ರಂಜಕಗಳನ್ನು ಚೆನ್ನಾಗಿ ತೆಗೆಯಬೇಕಾದರೆ ಮುಂದಕ್ಕೂ ಹೋಗಬೇಕು. ಮೂರನೆಯ ಹಂತವೂ ಆಗಲಿ ಎಂದು ಅಲ್ಲಿನ ರೈತ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಸಂಸ್ಕರಿಸಿದ್ದೇವಲ್ಲ, ಇನ್ನೇನು ಎಂಬುದು ಅವರಿಗೆ ಸಿಗುವ ಉತ್ತರದ ಧಾಟಿ. ಅಂತರ್ಜಲ ತುಂಬಲು ಸಾಕೆಂದು ಬಿಟ್ಟ ನೀರು ಟೊಮೆಟೊ ತೋಟಕ್ಕೆ ಆಗಿಬರುತ್ತದೆಯೇ, ಕೆರೆಗೆ ಇಳಿದ ದನ ಕುಡಿಯಬಹುದೇ, ಪಕ್ಕದ ಕೊಳವೆಬಾವಿಯಿಂದ ಮೇಲೆತ್ತಿ ಮನುಷ್ಯರು ಕುಡಿಯಬಹುದೇ? ಒಂದೊಂದಕ್ಕೂ ಬೇರೆ ಬೇರೆ ಹದ. ಏರಿಯ ಮೇಲೆ ನೆಡುವ ಫಲಕದಲ್ಲಿ ಯೋಜನೆಯ ಹೆಸರು, ಉದ್ಘಾಟಿಸಿದವರ ಹೆಸರುಗಳ ಕೆಳಗೆ ಇದಿಷ್ಟನ್ನು ಬರೆಸಲು ಎರಡು ಸಾಲು ಜಾಗ ಬೇಕು.