ಸತ್ಯಾಂಶ: ಒಂದು ಕಿಲೋಮೀಟರ್ ದೂರದ ಬಾಂಬ್ ಹಿಡಿಯುವ ಆಂಟೆನಾ ಇದೆಯೇ?

‘ಕೈಯಲ್ಲಿ ಹಿಡಿದರೆ ಸಾಕು, ಒಂದು ಕಿಲೋಮೀಟರ್ ದೂರದ ಬಾಂಬನ್ನೂ ರೇಡಿಯೋ ಅಲೆಯಿಂದ ಪತ್ತೆ ಹಚ್ಚುತ್ತದೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಂಥ ಯಂತ್ರ ಇಲ್ಲ. ಇದೆ ಎಂದು ಮಾರಿದವರು ಮಾತ್ರ ಇದ್ದರು.

ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಇರಾಕಿಗೆ ಮಾರಿದ ಎಡಿಇ 651 ಎಂಬ ‘ಬಾಂಬ್ ಪತ್ತೆ ಯಂತ್ರ’ ನೋಡಿ. ಒಂದು ಪ್ಲಾಸ್ಟಿಕ್ ಹಿಡಿ, ಅದಕ್ಕೊಂದು ತಿರುಗುವ ಆಂಟೆನಾ. ಬ್ಯಾಟರಿಯೇ ಇಲ್ಲ! ಅದರ ‘ಪತ್ತೆ ಕಾರ್ಡ್’ ಅನ್ನು 2010ರಲ್ಲಿ ಕೇಂಬ್ರಿಜ್ ತಜ್ಞರು ಪರೀಕ್ಷಿಸಿದಾಗ ಸಿಕ್ಕಿದ್ದು, ಕಳ್ಳತನ ತಡೆಯಲು ಅಂಗಡಿಯವರು ಸಾಮಾನಿಗೆ ಹಚ್ಚುವ ಅಗ್ಗದ ಟ್ಯಾಗ್. ಆಂಟೆನಾ ತಿರುಗುತ್ತಿದ್ದದ್ದು ನಿಜ. ತಿರುಗಿಸುತ್ತಿದ್ದದ್ದು ಹಿಡಿದವರ ಕೈಯ ಸಣ್ಣ ಅಲುಗಾಟ. ಬೋರ್‌ವೆಲ್ ಪಾಯಿಂಟ್ ನೋಡುವವರ ಕೈಯಲ್ಲಿ ಕವೆಕೋಲು ಬಾಗುತ್ತಲ್ವಾ, ಹಾಗೆ. 2013ರಲ್ಲಿ ಮೆಕಾರ್ಮಿಕ್‌ಗೆ 10 ವರ್ಷ ಜೈಲಾಯಿತು. ಅದಾದ ಮೇಲೂ ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಅದನ್ನು 2016ರವರೆಗೆ ಬಳಸಿದರು ಅನ್ನೋದೇ ದೊಡ್ಡ ದುರಂತ.

ಹಾಗಂತ ರೇಡಿಯೋ ಅಲೆಯ ವಿಷಯ ಪೂರ್ತಿ ಬುರುಡೆಯಲ್ಲ. ನ್ಯೂಕ್ಲಿಯರ್ ಕ್ವಾಡ್ರುಪೋಲ್ ರೆಸೊನೆನ್ಸ್ ಎಂಬ ವಿಧಾನ ನಿಜಕ್ಕೂ ಇದೆ. ಆರ್‌ಡಿಎಕ್ಸ್ ಎಂಬ ಸ್ಫೋಟಕದ ಹರಳಿಗೆ ಸುಮಾರು 3.4 ಮೆಗಾಹರ್ಟ್ಸ್ ಅಲೆ ಹಾಯಿಸಿದರೆ, ಅದರೊಳಗಿನ ಸಾರಜನಕ ಅದೇ ಆವರ್ತನದಲ್ಲಿ ಮರುದನಿ ಕೊಡುತ್ತದೆ. ಆದರೆ ಆ ದನಿ ತುಂಬಾ ಕ್ಷೀಣ. ಕೇಳಬೇಕಾದರೆ ಆ ದನಿ ಹಿಡಿಯುವ ತಂತಿ ಸುರುಳಿ (ಕಾಯಿಲ್) ಹತ್ತಿರವೇ ಇರಬೇಕು, ಲೆಕ್ಕ ಸೆಂಟಿಮೀಟರ್‌ಗಳಲ್ಲಿ. ಟಿಎನ್‌ಟಿ ಎಂಬ ಇನ್ನೊಂದು ಸ್ಫೋಟಕದ ಕಥೆ ಇನ್ನೂ ಕಷ್ಟ: ಅದರ ದನಿ 1 ಮೆಗಾಹರ್ಟ್ಸ್‌ಗಿಂತ ಕೆಳಗೆ, ಎಎಂ ರೇಡಿಯೋ ಗದ್ದಲದ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಇನ್ನು ಸ್ಫೋಟಕ ಲೋಹದ ಡಬ್ಬಿಯೊಳಗಿದ್ದರೆ ಅಲೆ ಒಳಗೆ ಹೋಗುವುದೇ ಇಲ್ಲ.